ಮಲಗಿರುವ ಮಾಸ್ಟ್ರ ಹತ್ತಿರ ಏನು ಕೇಳಲಿ?

ಪ್ರಶ್ನೆ: ನನಗೆ 54 ವರ್ಷ. 1984ರಲ್ಲಿ, 13ನೇ ವಯಸ್ಸಿಗೆ, ಕಾರ್ಕಳದ ಕಡೆಯಿಂದ ಮುಂಬೈಗೆ ಬಂದು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕಪ್ಪು ಬಶಿ ತೊಳೆಯುವ ಕೆಲಸಕ್ಕೆ ಸೇರಿದೆ. ಅಲ್ಲಿಂದ ನನ್ನನ್ನು ಕನ್ನಡ ರಾತ್ರಿ ಶಾಲೆಗೆ ಕೈ ಹಿಡಿದು ಕರೆದುಕೊಂಡು ಹೋದವರು ನಮ್ಮ ಮಾಸ್ಟ್ರು. ಹಗಲು ಬ್ಯಾಂಕಿನಲ್ಲಿ ಗುಮಾಸ್ತರು, ರಾತ್ರಿ ನಮಗೆ ಕನ್ನಡ ಮತ್ತು ಲೆಕ್ಕ. ನಾನು ಊರಿಗೆ ಬರೆದ ಕಾಗದವನ್ನೂ ಬಿಡದೆ ಕೆಂಪು ಶಾಯಿಯಲ್ಲಿ ತಿದ್ದಿ ಕೊಡುತ್ತಿದ್ದರು. ಈಗ ಠಾಣೆಯಲ್ಲಿ ನನ್ನದೇ ಕೇಟರಿಂಗ್ ಇದೆ. ಮಾಸ್ಟ್ರಿಗೆ 81. ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಪ್ಯಾಂಕ್ರಿಯಾಸ್ ಕ್ಯಾನ್ಸರ್, ಕೀಮೋ ನಿಲ್ಲಿಸಿದ್ದಾರೆ. ಪ್ರತಿ ಭಾನುವಾರ ಹೋಗುತ್ತೇನೆ. ಮಳೆ, ಲೋಕಲ್ ಗಾಡಿ, ತರಕಾರಿ ರೇಟು ಮಾತಾಡಿ ಎದ್ದು ಬರುತ್ತೇನೆ. ಬದುಕಿನ ಬಗ್ಗೆ ಅವರಿಂದ ಕೊನೆಯದಾಗಿ ನಾಲ್ಕು ಮಾತು ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು ಅಂತ ಆಸೆ. ಹೇಗೆ ಕೇಳಲಿ? ಮಗ ಬೇರೆ 'ಕಾಯಿಲೆ ವಿಷಯ ಎತ್ತಬೇಡಿ' ಅಂದಿದ್ದಾನೆ. ಇದೆಲ್ಲ ನನ್ನ ಸ್ವಾರ್ಥವೇ?

ಉತ್ತರ: ಹೌದು, ಸ್ವಲ್ಪ ಸ್ವಾರ್ಥ ಇದೆ. ಇರಲಿ ಬಿಡಿ. ಭಾನುವಾರದ ಮೆಗಾಬ್ಲಾಕಿನಲ್ಲಿ, ಅಂದರೆ ಹಳಿ ರಿಪೇರಿಗೆ ಅಂತ ಲೋಕಲ್ ಗಾಡಿ ಕಮ್ಮಿ ಮಾಡುವ ಹೊತ್ತಿನಲ್ಲಿ, ಠಾಣೆಯಿಂದ ಡೊಂಬಿವಲಿಗೆ ನಿಂತುಕೊಂಡು ಹೋಗುವವರಿಗೆ ಅಷ್ಟು ಸ್ವಾರ್ಥಕ್ಕೆ ಹಕ್ಕಿದೆ. ಆದರೆ ಮೊಬೈಲನ್ನು ಸದ್ಯಕ್ಕೆ ಜೇಬಿನಲ್ಲೇ ಇಡಿ. ಆ ತಪ್ಪು ನಾನೇ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ನರ್ಸ್. 1997ರಿಂದ ಈ ಊರಿನಲ್ಲಿ ಕೆಲಸ. ಅದರಲ್ಲಿ ಹೆಚ್ಚಿನ ಕಾಲ ಮನೆಮನೆಗೆ ಹೋಗಿ ಪ್ಯಾಲಿಯೇಟಿವ್ ಕೇರ್ ಮಾಡಿದ್ದೇನೆ. ಅಂದರೆ ಕಾಯಿಲೆ ವಾಸಿ ಆಗಲಿ ಬಿಡಲಿ, ನೋವು, ವಾಂತಿ, ಉಸಿರಿನ ಕಷ್ಟ, ಭಯ ಇವನ್ನು ನೋಡಿಕೊಳ್ಳುವುದು. ಇದನ್ನು ನನಗೆ ಕಲಿಸಿದವರು ಗದಗಿನ ಕಡೆಯ ಒಬ್ಬ ಸಿಸ್ಟರ್. ವಾರ್ಡಿನಲ್ಲಿ ಅವರ ದನಿ ಕೇಳಿದರೆ ನಮಗೆ ಕೈಕಾಲು ತಣ್ಣಗಾಗುತ್ತಿತ್ತು. ರೋಗಿಯನ್ನು ನಿಂತುಕೊಂಡು ಮಾತಾಡಿಸಿದರೆ ಬೈಗುಳ. 'ಬಸ್ಸಿಗೆ ಹೊತ್ತಾತೇನು? ಕುರ್ಚಿ ಎಳಕೊಂಡು ಕೂಡು' ಅನ್ನುತ್ತಿದ್ದರು.

2013ರಲ್ಲಿ ಅವರಿಗೇ ಕ್ಯಾನ್ಸರ್. ಮುಲುಂಡಿನ ಎರಡನೇ ಮಹಡಿಯ ಮನೆ, ಕಿಟಕಿ ಪಕ್ಕ ಮಂಚ. ನಾನು ಒಂದು ಮಧ್ಯಾಹ್ನ ಹೂವು ತಗೊಂಡು ಹೋದೆ, ಮೊಬೈಲ್ ರೆಕಾರ್ಡರ್ ಆನ್ ಮಾಡಿ ದಿಂಬಿನ ಪಕ್ಕ ಇಟ್ಟೆ, ಗಂಟಲು ಸರಿಮಾಡಿಕೊಂಡು 'ಸಿಸ್ಟರ್, ನಮಗೆಲ್ಲ ಏನಾದರೂ ಹೇಳಿ' ಅಂದೆ. ಅವರು ಮೊಬೈಲ್ ನೋಡಿದರು, ನನ್ನನ್ನು ನೋಡಿದರು. 'ಏನ್ ಹೇಳ್ಲಿ? ನಾ ಏನ್ ಮಠದ ಸ್ವಾಮಿಗೋಳೇನು?' ಅಂದು ಕಣ್ಣು ಮುಚ್ಚಿಕೊಂಡರು.

ಐದು ನಿಮಿಷ ಆಯಿತು. ನನಗೆ ಎದ್ದು ಓಡಬೇಕು ಅನಿಸಿತು. ಆಮೇಲೆ ಕಣ್ಣು ಬಿಡದೆಯೇ ಹೇಳಿದರು, 'ಕೆಳಗ ಹಾಸಿದ್ದು ಸುಕ್ಕ ಆಗೇತಿ. ತಗದು ಮತ್ತ ಹಾಸು.'

ಮಲಗಿದವರ ಕೆಳಗಿನ ಬೆಡ್‌ಶೀಟ್ ಬದಲಿಸುವ ರೀತಿ ಗೊತ್ತಾ ನಿಮಗೆ? ಅವರನ್ನು ಒಂದು ಮಗ್ಗುಲಿಗೆ ತಿರುಗಿಸಬೇಕು. ಹಳೆಯದನ್ನು ಉದ್ದಕ್ಕೆ ಸುತ್ತಿ ಬೆನ್ನಿಗೆ ಒತ್ತಿಡಬೇಕು. ಹೊಸದನ್ನು ಅರ್ಧ ಹಾಸಿ ಉಳಿದರ್ಧ ಅದರ ಪಕ್ಕದಲ್ಲೇ ಸುತ್ತಿಡಬೇಕು. ಆಮೇಲೆ ಆ ಎರಡು ಸುರುಳಿಯ ಮೇಲಿಂದ ಅವರನ್ನು ಮೆಲ್ಲಗೆ ಈ ಕಡೆ ಹೊರಳಿಸಿ ಹಳೆಯದನ್ನು ಎಳೆದು ಹೊಸದನ್ನು ಬಿಗಿಮಾಡಿ ಮೂಲೆ ಮಡಚಬೇಕು. ಸಾವಿರ ಸಲ ಮಾಡಿದ್ದೆ. ಅವತ್ತು ಕೈ ನಡುಗಿತು. ಮೊದಲನೇ ಸಲ ಸೊಂಟದ ಕೆಳಗೆ ಒಂದು ಗೆರೆ ಉಳಿಯಿತು. ಅವರು ಅಂಗೈ ಕೆಳಗೆ ತೂರಿಸಿ ಸವರಿ ನೋಡಿ, 'ಮತ್ತ' ಅಂದರು. ಎರಡನೇ ಸಲ ಮೂಲೆ ಸಡಿಲ. 'ಮತ್ತ.' ಹೊರಳಿಸುವಾಗ ಅವರಿಗೆ ನೋವಾಗುತ್ತಿತ್ತು. ಮಂಚದ ಸರಳು ಹಿಡಿದ ಬೆರಳು ಬೆಳ್ಳಗಾಗಿತ್ತು. ಆದರೂ ಬಿಡಲಿಲ್ಲ. ಮೂರನೇ ಸಲ ಸವರಿ ನೋಡಿ 'ಹಾಂ' ಅಂದರು.

ನಾನಿನ್ನೂ ಮೂಲೆ ಮಡಚುತ್ತಲೇ ಇದ್ದೆ. ಆಗ ಅವರಾಗಿಯೇ ಶುರು ಮಾಡಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಪಾಳಿ. ಒಬ್ಬ ಹುಡುಗ ನೀರು ಕೇಳಿದ. 'ಬಂದೆ' ಅಂತ ಹೇಳಿ ಬೇರೆ ಮಂಚಕ್ಕೆ ಹೋದರು, ಅಲ್ಲಿ ತಡವಾಯಿತು. ಬರುವಷ್ಟರಲ್ಲಿ ಹುಡುಗ ಹೋಗಿಬಿಟ್ಟಿದ್ದ. ನೀರು ಕೊಟ್ಟಿದ್ದರೂ ಉಳಿಯುತ್ತಿರಲಿಲ್ಲ, ಅದು ಅವರಿಗೂ ಗೊತ್ತು. 'ಆದ್ರ ಅವ ಬಾಗಲಾ ನೋಡಕೋತ ಇದ್ದಿರಬೇಕು ನೋಡು. ಅಂದಿನಿಂದ ಯಾರಿಗೂ ಬಂದೆ ಅಂತ ಹೇಳಿಲ್ಲ. ಬರಾಕ ಆಗದಿದ್ರ, ಈಗ ಆಗಂಗಿಲ್ಲ ಅನ್ನು. ಬಾಗಲಾ ಕಾಯಿಸಬ್ಯಾಡ.'

ಅಷ್ಟು ವರ್ಷ ಜೊತೆಗಿದ್ದರೂ ಈ ಕಥೆ ನಾನು ಕೇಳಿರಲಿಲ್ಲ. ರೆಕಾರ್ಡರ್ ಯಾವಾಗಲೋ ಆಫ್ ಆಗಿತ್ತು.

ಒಂದು ಸುಕ್ಕಿಗೆ ಇಷ್ಟು ರಂಪ ಯಾಕೆ ಅನ್ನಬಹುದು. ಮಲಗಿದವರ ಮೈಗೆ ಸುಕ್ಕು ಒತ್ತಿ ಒತ್ತಿಯೂ ಹುಣ್ಣಾಗುತ್ತೆ. ಅರುಣಾ ಶಾನಭಾಗ್ ಹೆಸರು ನಮ್ಮವರಿಗೆ ಗೊತ್ತಿದ್ದೇ ಇದೆ. ಹೊನ್ನಾವರದ ಹಳದಿಪುರದ ಹುಡುಗಿ, ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸ್. 1973ರಲ್ಲಿ ಅವರ ಮೇಲೆ ಹಲ್ಲೆಯಾಗಿ, ಮಿದುಳಿಗೆ ಪೆಟ್ಟು ಬಿದ್ದು ಹಾಸಿಗೆ ಹಿಡಿದರು. ಅಲ್ಲಿಂದ 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವ ತನಕ ಅಲ್ಲಿನ ನರ್ಸ್‌ಗಳೇ ತಲೆಮಾರಿನಿಂದ ತಲೆಮಾರಿಗೆ ನೋಡಿಕೊಂಡರು. ಅಷ್ಟು ವರ್ಷ ಹಾಸಿಗೆಯಲ್ಲಿದ್ದರೂ ಮೈಮೇಲೆ ಒಂದು ಬೆಡ್‌ಸೋರ್ ಇರಲಿಲ್ಲ ಅನ್ನುವುದು ಅವರ ದಯಾಮರಣದ ಅರ್ಜಿಯ ಮೇಲೆ ಬಂದ 2011ರ ಸುಪ್ರೀಂ ಕೋರ್ಟ್ ತೀರ್ಪಿನ ಕಾಲಕ್ಕೇ ಎಲ್ಲರ ಬಾಯಲ್ಲಿ ಬಂದ ಮಾತು. ಸುಕ್ಕಿಲ್ಲದ ಹಾಸಿಗೆ ಅಂದರೆ ನಮ್ಮ ಕಸುಬಿನಲ್ಲಿ ಅದು.

ಈಗ ನಿಮ್ಮ ಮಾಸ್ಟ್ರ ವಿಷಯ. ಸಾಯುವವರ ಬಾಯಿಂದ ಸುಭಾಷಿತ ಉದುರುತ್ತೆ ಅನ್ನೋದು ಸಿನಿಮಾದವರು ನಮಗೆ ಕಲಿಸಿದ್ದು. ನಾನು ಕೇಳಿದ ಕೊನೆಯ ಮಾತುಗಳು ಬಹಳ ಮಟ್ಟಿಗೆ 'ಫ್ಯಾನ್ ಕಮ್ಮಿ ಮಾಡು', 'ಗ್ಯಾಸ್ ಆಫ್ ಮಾಡಿದ್ಯಾ' ಇಂಥವೇ. 'ಬದುಕಿನ ಪಾಠ ಹೇಳಿ' ಅಂತ ಕೇಳಿದರೆ ಅವರು ಒಂದೇ ಏಟಿಗೆ ಮಾಸ್ಟ್ರು ಅನ್ನೋದು ಹೋಗಿ ಸಾಯುತ್ತಿರುವ ಮುದುಕ ಆಗಿಬಿಡುತ್ತಾರೆ. ಹಾಗೆ ಕೇಳುವುದೇ 'ನಿಮ್ಮದು ಮುಗೀತು' ಅಂತ ಹೇಳಿದ ಹಾಗೆ. ಅದರ ಬದಲು ಕೆಲಸ ತಗೊಂಡು ಹೋಗಿ. ತಿದ್ದುವ ಕೆಲಸ. ಕೇಟರಿಂಗ್ ಮಾಡುತ್ತೀರಲ್ಲ, ಮೆನು ಕಾರ್ಡು ಇರುತ್ತೆ, ಮದುವೆಯ ಕೊಟೇಶನ್ ಇರುತ್ತೆ, ಊರಿನ ದೇವಸ್ಥಾನಕ್ಕೆ ಬರೆಯಬೇಕಾದ ಕಾಗದ ಇರುತ್ತೆ. ತಗೊಂಡು ಹೋಗಿ ಅವರ ಕೈಗೆ ಕೊಡಿ.

ಸುಮ್ನೆ ನಾಟಕಕ್ಕೆ ಬೇಡ. ಬೇಕಂತಲೇ ತಪ್ಪು ಬರೆದು ತಗೊಂಡು ಹೋದರೆ ಇಷ್ಟು ವರ್ಷ ಹುಡುಗರನ್ನು ನೋಡಿದ ಮನುಷ್ಯನಿಗೆ ತಕ್ಷಣ ಗೊತ್ತಾಗುತ್ತೆ. ನಿಜವಾಗಿ ನಿಮ್ಮ ತಲೆ ತಿನ್ನುತ್ತಿರುವುದನ್ನೇ ಒಯ್ಯಿರಿ. ಇಪ್ಪತ್ತು ವರ್ಷದ ಅಡುಗೆ ಭಟ್ಟರು ಲೆಕ್ಕದಲ್ಲಿ ಆಚೀಚೆ ಮಾಡುತ್ತಿದ್ದಾರಾ? ಮಗಳು ಈ ಧಂದೆ ಬೇಡ ಅನ್ನುತ್ತಿದ್ದಾಳಾ? 'ಮಾಸ್ಟ್ರೇ, ಏನು ಮಾಡಲಿ ತೋಚುತ್ತಿಲ್ಲ' ಅನ್ನಿ. ನೀವು ಹುಡುಕುತ್ತಿರುವ ನಾಲ್ಕು ಮಾತು ಅಲ್ಲಿ ಸಿಗುತ್ತೆ, ಸಿಕ್ಕರೆ. ಸಿಗದೇ ಇರಬಹುದು ಕೂಡ. 'ನಾಳೆ ಹೇಳ್ತೇನೆ' ಅಂದು ನಿದ್ದೆ ಹೋಗಬಹುದು. ಬೇಜಾರು ಮಾಡಿಕೊಳ್ಳಬೇಡಿ.

ಮಳೆ, ತರಕಾರಿ ರೇಟಿನ ಮಾತನ್ನೂ ಕಡೆಗಣಿಸಬೇಡಿ. ಅವರ ದಿನ ಪೂರ್ತಿ ಗುಳಿಗೆ, ಟೆಂಪರೇಚರ್, 'ಎರಡು ಚಮಚ ಗಂಜಿ ತಿನ್ನಿ' ಇದೇ ಆಗಿರುತ್ತೆ. ಅದರ ನಡುವೆ ಟೊಮ್ಯಾಟೊ ರೇಟು ಹೇಳುವವನೊಬ್ಬ ಬಂದರೆ ಎಷ್ಟೋ ಹಾಯಿ ಅಲ್ವಾ.

ರೆಕಾರ್ಡ್ ಮಾಡಲೇಬಾರದು ಅಂತಲೂ ಅಲ್ಲ. ಅದಕ್ಕೊಂದು ಕ್ರಮ ಇದೆ. ಕೆನಡಾದಲ್ಲಿ ಹಾರ್ವೆ ಚೊಚಿನೊವ್ ಅಂತ ಒಬ್ಬ ಮನೋವೈದ್ಯರು ಇದ್ದಾರೆ. ಅವರು ರೂಢಿಸಿದ ಡಿಗ್ನಿಟಿ ಥೆರಪಿಯಲ್ಲಿ ಒಂದು ಗಂಟೆಯ ಒಳಗೆ ರೋಗಿಯನ್ನು ಮಾತಾಡಿಸಿ, ರೆಕಾರ್ಡ್ ಮಾಡಿ, ಬೇಗ ಬರಹಕ್ಕೆ ಇಳಿಸಿ, ಅವರಿಗೇ ಓದಿ ಹೇಳುತ್ತಾರೆ. ಅವರು ತಿದ್ದಿದ ಮೇಲೆಯೇ ಮನೆಯವರ ಕೈಗೆ ಕೊಡುವುದು. 2005ರಲ್ಲಿ ಇದರ ಬಗ್ಗೆ ಅವರ ಅಧ್ಯಯನ ಬಂತು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಈ ಕೊನೆಯ ತಿದ್ದುವ ಭಾಗ. ನಿಮ್ಮ ಮಾಸ್ಟ್ರಿಗೆ ಅದಕ್ಕಿಂತ ಒಳ್ಳೆಯ ಔಷಧಿ ನನಗಂತೂ ತೋಚುವುದಿಲ್ಲ. 'ನಮ್ಮ ರಾತ್ರಿ ಶಾಲೆ ಬಗ್ಗೆ ಮಕ್ಕಳಿಗೆ ಬರೆದಿಡಬೇಕು, ನೀವು ಹೇಳಿ, ನಾನು ಬರೆದು ತರುತ್ತೇನೆ, ನೀವು ತಿದ್ದಿಕೊಡಿ' ಅಂತ ನೇರವಾಗಿ ಕೇಳಿ. ಒಪ್ಪಿದರೆ ಅವರ ಕಣ್ಣೆದುರೇ ಮೊಬೈಲ್ ಇಡಿ. ಕದ್ದು ಮಾಡಬೇಡಿ. ಪ್ರಶ್ನೆ ಸಣ್ಣದಿರಲಿ. 'ಬ್ಯಾಂಕು ಬಿಟ್ಟ ಮೇಲೆ ಶಾಲೆಗೆ ಬರುವ ಮುಂಚೆ ಎಲ್ಲಿ ಏನು ತಿನ್ನುತ್ತಿದ್ದಿರಿ?' ಇಷ್ಟು ಸಾಕು. ನಿಮ್ಮನ್ನು ಯಾಕೆ ಆರಿಸಿಕೊಂಡರು ಅನ್ನುವುದು ಅಲ್ಲಿಂದಲೇ ಬರಬಹುದು.

ಆದರೆ ಇದ್ಯಾವುದೂ ನೋವು ಇರುವಾಗ ನಡೆಯೋಲ್ಲ. ಪ್ಯಾಂಕ್ರಿಯಾಸ್ ನೋವು ಹೊಟ್ಟೆಯಿಂದ ಬೆನ್ನಿಗೆ ಕೊರೆದ ಹಾಗೆ ಇರುತ್ತೆ. ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಗುರ. ಮಾಸ್ಟ್ರು ದಿಂಬು ತಬ್ಬಿಕೊಂಡು ಬಾಗಿ ಕೂತಿದ್ದಾರೆ ಅಂದರೆ 'ಪರವಾಗಿಲ್ಲ' ಅಂತ ಬಾಯಲ್ಲಿ ಹೇಳಿದರೂ ನಂಬಬೇಡಿ. ಮನೆಯವರು ಮಾರ್ಫಿನ್ ಅಂದರೆ ಹೆದರುತ್ತಾರೆ. ಚಟ ಹತ್ತುತ್ತೆ, ಬೇಗ ಹೋಗಿಬಿಡುತ್ತಾರೆ, ಅದು ಕೊನೆಯ ಔಷಧಿ, ಹೀಗೆ. ನೋವಿಗೆ ತಕ್ಕ ಅಳತೆಯಲ್ಲಿ, ಗೊತ್ತಿರುವ ಡಾಕ್ಟರು ನೋಡಿಕೊಂಡು ಕೊಟ್ಟರೆ ಹಾಗಾಗುವುದಿಲ್ಲ. ಮಲಬದ್ಧತೆ ಆಗೇ ಆಗುತ್ತೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧಿ ಜೊತೆಗೆ ಇರಬೇಕು. ಇದನ್ನು ಬಿಟ್ಟು ಎಷ್ಟೋ ಜನ ಮಾರ್ಫಿನ್ನನ್ನೇ ಬೈಯುತ್ತಾರೆ. 1985ರ ಮಾದಕವಸ್ತು ಕಾನೂನು ಬಂದ ಮೇಲೆ ಲೈಸೆನ್ಸುಗಳ ಗೋಜಿಗೆ ಬೇಸತ್ತು ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿಯಲ್ಲಿ ಅದು ಸಲೀಸಾಯಿತು. ಆದರೂ ಹೆದರಿಕೆ ಹೋಗಿಲ್ಲ. ಗುಳಿಗೆಗೂ ಬಗ್ಗದ ನೋವಿಗೆ ಬೆನ್ನಿನ ಕಡೆಯಿಂದ ನರದ ಗಂಟಿಗೆ ಕೊಡುವ ಇಂಜೆಕ್ಷನ್ ಕೂಡ ಇದೆ. ಮಗನಿಗೆ ಇಷ್ಟು ಹೇಳಿ: ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ವಿಭಾಗ ಇದೆ. ಮನೆಯಲ್ಲಿ ನಿಭಾಯಿಸಲು ಆಗದ ಹಂತ ಬಂದರೆ ಬಾಂದ್ರಾದಲ್ಲಿ ಶಾಂತಿ ಅವೇದನಾ ಸದನ ಇದೆ, 1986ರಲ್ಲಿ ಶುರುವಾದದ್ದು, ದೇಶದ ಮೊದಲ ಹಾಸ್ಪಿಸ್, ಅಂದರೆ ಕೊನೆಯ ದಿನಗಳಲ್ಲಿರುವ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ.

ಮಾಮೂಲಿ ಮಾರ್ಫಿನ್ ಗುಳಿಗೆ ಅರ್ಧ ಮುಕ್ಕಾಲು ಗಂಟೆಗೆ ಹಿಡಿದುಕೊಳ್ಳುತ್ತೆ, ಸುಮಾರು ನಾಲ್ಕು ಗಂಟೆ ಇರುತ್ತೆ. ಮನೆಗೆ ಫೋನ್ ಮಾಡಿ ಗುಳಿಗೆ ಹೊತ್ತು ಕೇಳಿಕೊಂಡು ಅದರ ಒಂದು ಗಂಟೆ ಆದಮೇಲೆ ತಲುಪಿ. ನಿಮಗೆ ಅನುಕೂಲದ ಹೊತ್ತಲ್ಲ, ಅವರಿಗೆ ಅನುಕೂಲದ ಹೊತ್ತು.

ಮಗ ಕಾಯಿಲೆ ವಿಷಯ ಎತ್ತಬೇಡಿ ಅಂದಿದ್ದು. ಮುಂಬೈಯಲ್ಲಿ ನಾನು ನೋಡಿದ ಮನೆಗಳಲ್ಲಿ ಮುಕ್ಕಾಲು ಪಾಲು ಇದೇ ಕಥೆ. ಅಡುಗೆಮನೆಗೆ ನನ್ನನ್ನು ಕರೆದು 'ಅಪ್ಪನಿಗೆ ಗೊತ್ತಿಲ್ಲ ಸಿಸ್ಟರ್' ಅನ್ನುತ್ತಾರೆ. ಒಳಗೆ ಹೋದರೆ ಅಪ್ಪ ಮೆಲ್ಲಗೆ 'ಮಗನಿಗೆ ಹೇಳಬೇಡಿ, ತಡ್ಕೊಳ್ಳೋಲ್ಲ' ಅನ್ನುತ್ತಾರೆ. ಗೋಡೆಯ ಆಚೆ ಈಚೆ ಕೂತು ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿರುತ್ತಾರೆ. ನೀವು ಮನೆಯವರಲ್ಲ, ಹಾಗಾಗಿ ವಿಷಯ ಒಡೆಯುವ ಕೆಲಸ ನಿಮ್ಮದಲ್ಲ. ಆದರೆ ಸುಳ್ಳು ಹೇಳುವ ಕೆಲಸವೂ ನಿಮ್ಮದಲ್ಲ. 'ಏನೂ ಆಗೋಲ್ಲ ಮಾಸ್ಟ್ರೇ, ಗಣಪತಿ ಹಬ್ಬಕ್ಕೆ ಎದ್ದು ಓಡಾಡ್ತೀರಿ' ಅಂತ ಅನ್ನಬೇಡಿ, ದಯವಿಟ್ಟು. ಅವರಾಗಿ 'ಇನ್ನೆಷ್ಟು ದಿನವೋ' ಅಂದರೆ 'ನಿಮಗೆ ಹೇಗೆ ಅನಿಸ್ತಾ ಇದೆ ಮಾಸ್ಟ್ರೇ?' ಅಂತ ಕೇಳಿ ಬಾಯಿ ಮುಚ್ಚಿಕೊಂಡು ಕೂತುಬಿಡಿ. ಆಮೇಲೆ ಬಾಗಿಲ ಹತ್ತಿರ ಮಗನಿಗೆ ಇಷ್ಟು ಹೇಳಿ, 'ಅವರು ಹೀಗಂದರು. ಅವರಿಗೆ ಗೊತ್ತಿದೆ ಅಂತ ನನಗೆ ಅನಿಸುತ್ತೆ.' ಜಾಸ್ತಿ ಬೇಡ. ಬೈಯಬೇಡಿ. ಹಗಲು ಆಫೀಸು, ರಾತ್ರಿ ಬೆಡ್‌ಪ್ಯಾನ್ ನೋಡುವ ಹುಡುಗ ಅವನು.

ಅದೇ ಮಾತಿನ ನಡುವೆ ಮಾಸ್ಟ್ರು 'ನನ್ನನ್ನು ವೆಂಟಿಲೇಟರಿಗೆ ಹಾಕಬೇಡಿ' ಅಂತೇನಾದರೂ ಅಂದರೆ ಅದನ್ನು ಮಾತ್ರ ಹಗುರವಾಗಿ ಬಿಡಬೇಡಿ, ಮಗನ ಕಿವಿಗೆ ಹಾಕಿ. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥ ಇಚ್ಛೆಯನ್ನು ಮೊದಲೇ ಬರೆದಿಡಲು ಒಪ್ಪಿಗೆ ಕೊಟ್ಟಿದೆ. 2023ರಲ್ಲಿ ಅದನ್ನು ಸರಳ ಮಾಡಿದೆ. ಇಬ್ಬರು ಸಾಕ್ಷಿ, ನೋಟರಿ ಇಲ್ಲವೇ ಗೆಜೆಟೆಡ್ ಆಫೀಸರ್ ಸಹಿ, ಅಷ್ಟು.

ಇನ್ನೊಂದು ಕೆಲಸ ನಿಮ್ಮಿಂದ ಮಾತ್ರ ಆಗುವಂಥದ್ದು ಇರಬಹುದು. ಕೊನೆಕೊನೆಗೆ ನಮ್ಮ ಕರಾವಳಿಯ ಹಿರಿಯರು ಮುಂಬೈಯ ಐವತ್ತು ವರ್ಷವನ್ನು ಬದಿಗಿಟ್ಟು ತುಳುವಿಗೆ ಹೋಗಿಬಿಡುತ್ತಾರೆ. ಪಕ್ಕದಲ್ಲಿ ನೋಡಿಕೊಳ್ಳಲು ಇಟ್ಟ ಕೆಲಸದ ಹೆಂಗಸಿಗೆ ಮರಾಠಿ ಬಿಟ್ಟರೆ ಬೇರೆ ಬರುವುದಿಲ್ಲ. ಚೆಂಬೂರಿನ ಒಂದು ಮನೆಯಲ್ಲಿ ಅಜ್ಜ ರಾತ್ರಿಯಿಡೀ 'ಬೇನೆ, ಬೇನೆ' ಅಂದರೂ ಆ ಹೆಣ್ಣುಮಗಳು ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದಾರೆ ಅಂದುಕೊಂಡಿದ್ದಳು. ನಿಮ್ಮ ಮಾಸ್ಟ್ರೂ ತುಳುವಿನವರಾದರೆ ನೀರು, ನೋವು, ಚಳಿ, ಹೊರಳಿಸು, ಸಾಕು, ಇಂಥ ಹತ್ತು ಮಾತು ತುಳುವಿನಲ್ಲಿ ಹೇಗೆ ಅಂತ ದೇವನಾಗರಿಯಲ್ಲಿ ಬರೆದು, ಪಕ್ಕದಲ್ಲಿ ಮರಾಠಿ ಅರ್ಥ ಹಾಕಿ ಗೋಡೆಗೆ ಅಂಟಿಸಿ ಬನ್ನಿ. ಮಗನಿಗೆ ತುಳು ಸರಿಯಾಗಿ ಬರದೆಯೂ ಇರಬಹುದು, ಇಲ್ಲೇ ಹುಟ್ಟಿದವನಲ್ಲವೇ.

ಒಂದು ಭಾನುವಾರ ಹೋದಾಗ ಅವರು ಏಳದೇ ಇರುತ್ತಾರೆ. ಅದಕ್ಕೂ ತಯಾರಿರಿ. ನಿದ್ದೆ ಜಾಸ್ತಿ ಆಗುತ್ತೆ, ಊಟ ಬೇಡವಾಗುತ್ತೆ, ಕೈಕಾಲು ತಣ್ಣಗಾಗುತ್ತೆ, ಉಸಿರು ನಿಂತು ನಿಂತು ಬರುತ್ತೆ. ಗಂಟಲಲ್ಲಿ ಗೊರಗೊರ ಸದ್ದು ಬರಬಹುದು, ಕೇಳುವವರಿಗೆ ಹಿಂಸೆ, ಆ ಹೊತ್ತಿಗೆ ಅವರಿಗೆ ಅದರ ಪರಿವೆ ಇರುವ ಹಾಗೆ ಕಾಣುವುದಿಲ್ಲ. ನೀವು ಕೇಟರಿಂಗಿನವರು, ಊಟ ಹಾಕುವುದೇ ನಿಮಗೆ ಪ್ರೀತಿ. ಪಾಯಸ ಮಾಡಿ ಒಯ್ದು ಬಾಯಿಗೆ ಹಾಕಲು ಹೋಗಬೇಡಿ. ಆಗ ದೇಹ ಅನ್ನ ಕೇಳುವುದಿಲ್ಲ, ಬಲವಂತ ಮಾಡಿದರೆ ಉಸಿರಿನ ದಾರಿಗೆ ಹೋಗುತ್ತೆ. ಹತ್ತಿ ಒದ್ದೆ ಮಾಡಿ ತುಟಿ ಸವರಿ, ಸಾಕು.

ಆದರೆ ಮಾತು ನಿಲ್ಲಿಸಬೇಡಿ. 2020ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಕೊನೆಯ ಗಂಟೆಗಳಲ್ಲಿದ್ದ, ಕರೆದರೆ ಓಗೊಡದ ರೋಗಿಗಳ ಮಿದುಳಿನ ಅಲೆ ಅಳೆದರು. ಅವರಲ್ಲಿ ಕೆಲವರ ಮಿದುಳು ಸದ್ದಿಗೆ ಇನ್ನೂ ಸ್ಪಂದಿಸುತ್ತಿತ್ತು. ಅರ್ಥ ಆಗುತ್ತಿತ್ತು ಅಂತ ಅದರಿಂದ ಹೇಳಲು ಬರುವುದಿಲ್ಲ. ನಾನಂತೂ ಕೇಳಿಸುತ್ತೆ ಅಂದುಕೊಂಡೇ ಮಾತಾಡುತ್ತೇನೆ, ಕೋಣೆಯಲ್ಲಿ ಖರ್ಚಿನ ಲೆಕ್ಕ, ಫ್ಲ್ಯಾಟಿನ ಜಗಳ ಎತ್ತಿದವರನ್ನು ಹೊರಗೆ ಕಳಿಸುತ್ತೇನೆ. ನೀವು ಅವತ್ತು ತಿದ್ದಿಸಿಕೊಂಡ ಕಾಗದ ಓದಿ ಹೇಳಬಹುದು. ನನ್ನ ಸಿಸ್ಟರ್ ಕೊನೆಯ ಎರಡು ದಿನ ಕಣ್ಣು ಬಿಡಲಿಲ್ಲ. ನಾನು ಕುರ್ಚಿ ಎಳಕೊಂಡು ಕೂತಿದ್ದೆ. ರಾತ್ರಿ ಡ್ಯೂಟಿಗೆ ಹೊರಡುವಾಗ ಬಾಯಿಗೆ 'ಬರ್ತೀನಿ' ಅಂತ ಬಂತು, ನುಂಗಿಕೊಂಡೆ. 'ಸಿಸ್ಟರ್, ನಾಳೆ ನನಗೆ ಬರೋಕೆ ಆಗೋಲ್ಲ' ಅಂದೆ. ಬೆಳಿಗ್ಗೆ ಫೋನ್ ಬಂತು.

ಇನ್ನು ಸಣ್ಣಪುಟ್ಟದ್ದು. ಮೆಗಾಬ್ಲಾಕ್ ಇದ್ದರೆ ಶನಿವಾರವೇ ಹೋಗಿ ಬನ್ನಿ, ನಾಲ್ಕು ಭಾನುವಾರ ಸಿಗುತ್ತೆ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಅರ್ಧ ಗಂಟೆ ಸಾಕು. ಎದ್ದು ಬರುವಾಗ ಕಾಲು ಮುಟ್ಟುವ ಅಭ್ಯಾಸ ಇದ್ದರೆ ಮೆಲ್ಲಗೆ, ಕಾಲು ಊದಿರಬಹುದು. ತಿದ್ದಲು ಕೊಡುವ ಕಾಗದದಲ್ಲಿ ಅಕ್ಷರ ದೊಡ್ಡದಿರಲಿ, ಸಾಲಿನ ನಡುವೆ ಜಾಗ ಇರಲಿ, ಕೆಳಗೆ ಒತ್ತಿಕೊಳ್ಳಲು ಒಂದು ರಟ್ಟು ಇರಲಿ. ಕೆಂಪು ಪೆನ್ನು ಬೇಡ. ಮಲಗಿಕೊಂಡು ಮೇಲ್ಮುಖವಾಗಿ ಹಿಡಿದರೆ ಎರಡು ಅಕ್ಷರಕ್ಕೆ ಶಾಯಿ ನಿಂತುಹೋಗುತ್ತೆ, ಆಮೇಲೆ ಅವರು ತಮ್ಮ ಕೈಯೇ ಹೋಯಿತು ಅಂದುಕೊಳ್ಳುತ್ತಾರೆ. ಕೆಂಪು ಪೆನ್ಸಿಲ್ ತಗೊಳ್ಳಿ, ಎರಡು. ಕೆತ್ತಿಕೊಂಡೇ ಹೋಗಿ.